ಡ್ಯಾನ್‌ನ ಮೊಣಕಾಲಿಗೆ ಏನೂ ಆಗಿರಲಿಲ್ಲ

ನನಗೆ ಟಿ.ಬಿ. ಆಗಿತ್ತು. ವಾಸಿಯಾಗಿ ವರ್ಷಗಳೇ ಆದವು. ಆದರೂ ಇದನ್ನು ಹೇಳುವಾಗ ದನಿ ತಾನಾಗಿ ತಗ್ಗುತ್ತದೆ, ಸುತ್ತ ಯಾರಿದ್ದಾರೆ ಎಂದು ಕಣ್ಣು ಹುಡುಕುತ್ತದೆ. ಸಕ್ಕರೆ ಕಾಯಿಲೆಯವರು ಮದುವೆಮನೆಯಲ್ಲಿ ಎಲೆ ಮುಂದೆ ಕೂತು ತಮ್ಮ ಶುಗರ್ ಎಷ್ಟಿದೆಯೆಂದು ಜೋರಾಗಿ ಹೇಳುತ್ತಾರೆ. ಬೈಪಾಸ್ ಆದವರು ಅಂಗಿ ಗುಂಡಿ ಬಿಚ್ಚಿ ಗಾಯ ತೋರಿಸುತ್ತಾರೆ. ನಮ್ಮ ಕಾಯಿಲೆಗೆ ಆ ಭಾಗ್ಯವಿಲ್ಲ. ಎಲ್ಲೋ ಒಬ್ಬರು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಮಾತ್ರೆ ನುಂಗಿ, ಹೊರಗೆ ಬಂದು "ಅಲರ್ಜಿ" ಎನ್ನುತ್ತಿರಬಹುದು. ಅವರಿಗಾಗಿ ಬರೆಯುತ್ತಿದ್ದೇನೆ. ಆದರೆ ನನ್ನ ಕಾಯಿಲೆಯ ಕಥೆ ಹೇಳಬೇಕೆಂದರೆ ನನ್ನ ಗಂಡನ ಆಟದ ಕಥೆಯನ್ನೂ ಹೇಳಬೇಕು. ಕಾಯಿಲೆ ಬಂದದ್ದು ನನಗೆ, ಹೆಸರು ಕೆಟ್ಟದ್ದು ಅವನದು.

ಡ್ಯಾನ್ ಇಂಗ್ಲೆಂಡಿನವನು, ಫುಟ್‌ಬಾಲ್ ಆಟಗಾರ. ಹಾಗೆಂದ ಕೂಡಲೇ ನಮ್ಮವರ ಕಣ್ಣು ಅರಳುತ್ತದೆ, ಟಿವಿಯಲ್ಲಿ ಬರ್ತಾರಾ ಅನ್ನುತ್ತಾರೆ. ಇಲ್ಲಪ್ಪಾ, ಬರಲ್ಲ. ಅವನು ಹುಟ್ಟಿದ್ದು ಗಿರಣಿ ಮುಚ್ಚಿಹೋದ ಒಂದು ಉತ್ತರದ ಊರಿನಲ್ಲಿ. ಚಿಕ್ಕ ಹುಡುಗನಿದ್ದಾಗ ದೊಡ್ಡ ಕ್ಲಬ್ಬೊಂದು ಅವನನ್ನು ತನ್ನ ಫುಟ್‌ಬಾಲ್ ಶಾಲೆಗೆ ಸೇರಿಸಿಕೊಂಡು, ಮೀಸೆ ಚಿಗುರುವ ಹೊತ್ತಿಗೆ ನೀನು ಸಾಲದು ಎಂದು ಮನೆಗೆ ಕಳಿಸಿತು. ಆಮೇಲಿನದೆಲ್ಲ ಕೆಳಗಿನ ಲೀಗುಗಳು. ಬಸ್ಸಿನಲ್ಲಿ ಊರಿಂದ ಊರಿಗೆ, ಕೆಸರಿನ ಮೈದಾನ, ವರ್ಷ ವರ್ಷದ ಕಾಂಟ್ರಾಕ್ಟ್. ಅವನ ಜಾಗ ಮೈದಾನದ ನಡುವೆ. ಎದುರಾಳಿಯ ಕಾಲಿಂದ ಚೆಂಡು ಕಿತ್ತು, ಹತ್ತಿರ ಇರುವ ತನ್ನವನಿಗೆ ಕೊಟ್ಟುಬಿಡುವುದು ಅವನ ಕೆಲಸ. ಗೋಲು ಹೊಡೆದವನನ್ನು ಜನ ಹೊತ್ತು ಕುಣಿಯುವಾಗ ಇವನು ಹಿಂದೆ ನಿಂತು ಕಾಲುಚೀಲ ಎಳೆದುಕೊಳ್ಳುತ್ತಿರುತ್ತಾನೆ. ಅವನಿಗೆ ಒಂದೇ ಒಂದು ಜಂಬ ಇತ್ತು. ನೋವು ಅಂತ ಹೇಳಿ ಯಾವತ್ತೂ ಆಟ ತಪ್ಪಿಸಿದವನಲ್ಲ. ಹುಬ್ಬು ಒಡೆದರೆ ಹೊಲಿಗೆ ಹಾಕಿಸಿಕೊಂಡು ಮತ್ತೆ ಇಳಿದಿದ್ದಾನೆ. ಬಲಗಾಲಿನ ಮೊಣಕಾಲಿಗೆ ನೋವು ಮರೆಸುವ ಸೂಜಿ ಚುಚ್ಚಿಸಿಕೊಂಡು ಇಡೀ ಸೀಸನ್ ಆಡಿದ್ದಾನೆ.

ಮೂವತ್ತು ದಾಟಿದ ಮೇಲೆ ಸಿಯಾಟಲ್ ಹತ್ತಿರದ ಎವರೆಟ್ ಕಡೆಯ ಒಂದು ಸಣ್ಣ ಕ್ಲಬ್ ಅವನನ್ನು ಅಮೆರಿಕಕ್ಕೆ ಕರೆಸಿಕೊಂಡಿತು. ನಾನು ಆಗಲೇ ಸಿಯಾಟಲ್‌ನಲ್ಲಿದ್ದೆ. ಹುಬ್ಬಳ್ಳಿಯ ಹುಡುಗಿ, ಊರ ನಡುವಿನ ಡೆನ್ನಿ ಟ್ರಯಾಂಗಲ್‌ನ ಗಾಜಿನ ಕಟ್ಟಡವೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕನ್ನಡ ಸಂಘದ ಬ್ಯಾಡ್ಮಿಂಟನ್‌ನಲ್ಲಿ ಕಾಲು ಉಳುಕಿಸಿಕೊಂಡು ಫಿಸಿಯೋ ಹತ್ತಿರ ಹೋದೆ. ಪಕ್ಕದ ಕುರ್ಚಿಯಲ್ಲಿ ಮೊಣಕಾಲಿನ ಮೇಲೆ ಐಸ್ ಚೀಲ ಇಟ್ಟುಕೊಂಡು ಇವನು ಕೂತಿದ್ದ. ಎರಡು ವರ್ಷದ ಮೇಲೆ ಮದುವೆ. ಅವ್ವ ಒಂದಷ್ಟು ದಿನ ಮಾತು ಬಿಟ್ಟಳು, ಆಮೇಲೆ ಅಳಿಯ ಎರಡು ರೊಟ್ಟಿ ಹೆಚ್ಚಿಗೆ ತಿಂದದ್ದು ನೋಡಿ ಕರಗಿದಳು.

ಕೆಮ್ಮು ಶುರುವಾದದ್ದು ಒಂದು ವರ್ಷ ಚಳಿಗಾಲ ಮುಗಿಯುವಾಗ. ಇಲ್ಲಿ ಆ ಹೊತ್ತಿಗೆ ಮರಗಳ ಹೂಪುಡಿಗೆ ಊರಿಗೆ ಊರೇ ಸೀನುತ್ತಿರುತ್ತದೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಡಾಕ್ಟರು ಮೊದಲು ಅಲರ್ಜಿ ಅಂದರು, ಆಮೇಲೆ ಬ್ರಾಂಕೈಟಿಸ್ ಅಂದರು. ಸಂಜೆಯಾದರೆ ಮೈ ಬಿಸಿ, ಬೆಳಗಿನ ಹೊತ್ತಿಗೆ ದಿಂಬು ಒದ್ದೆ. ತೂಕ ಇಳಿಯುತ್ತಾ ಬಂತು. ಪಕ್ಕದ ಸಮಾಮಿಶ್ ಊರಿನಲ್ಲಿರುವ ನನ್ನ ಗೆಳತಿ ಮಂಜುಳಾ ಯುಗಾದಿ ಊಟದ ದಿನ ನನ್ನ ಸೊಂಟ ಹಿಡಿದು, ಯಾವ ಡಯಟ್ ಮಾಡ್ತಿದೀಯಾ, ನಮಗೂ ಹೇಳೇ ಎಂದಳು. ನಾನು ಬೀಗಿದೆ. ರಾತ್ರಿ ಅನ್ನ ಬಿಟ್ಟಿದೀನಿ ಅಂತ ಸುಳ್ಳು ಬೇರೆ ಹೇಳಿದೆ! ನಿಜ ಏನೆಂದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆಫೀಸಿನ ಟಾಯ್ಲೆಟ್‌ನಲ್ಲಿ ಕೆಮ್ಮಿದಾಗ ಟಿಶ್ಯೂ ಮೇಲೆ ರಕ್ತ ಕಾಣಿಸಿತು. ಮೊದಲು ನಾನು ಮಾಡಿದ್ದು ಅದನ್ನು ಫ್ಲಶ್ ಮಾಡಿದ್ದು. ಪಕ್ಕದವರಿಗೆ ಗೊತ್ತಾಗದ ಹಾಗೆ ಮುಖ ತೊಳೆದುಕೊಂಡು ಮೀಟಿಂಗಿಗೆ ಹೋಗಿ ಕೂತೆ. ಸಂಜೆ ಡ್ಯಾನ್‌ಗೆ ಹೇಳಿದೆ. ಅವನು ಕಾರಿನ ಕೀ ಎತ್ತಿಕೊಂಡ.

ಕ್ಲಿನಿಕ್ಕಿನಲ್ಲಿ ನನ್ನ ಕೆಮ್ಮು ಕೇಳಿದ ಕೂಡಲೇ ಕೌಂಟರಿನ ಹುಡುಗಿ ಒಂದು ಮಾಸ್ಕ್ ಕೊಟ್ಟು, ದೂರದ ಮೂಲೆಯ ಕುರ್ಚಿ ತೋರಿಸಿದಳು. ಆಗಿನ್ನೂ ಜನ ಮಾಸ್ಕ್ ಹಾಕಿಕೊಂಡು ಓಡಾಡುವ ಕಾಲ ಬಂದಿರಲಿಲ್ಲ. ಇಡೀ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡವಳು ನಾನೊಬ್ಬಳೇ. ಎದುರಿದ್ದ ಹೆಂಗಸು ತನ್ನ ಮಗುವನ್ನು ಇನ್ನೊಂದು ತೊಡೆಗೆ ಎತ್ತಿಕೊಂಡಳು. ಡ್ಯಾನ್ ನನ್ನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿ ಕೂತ. ಅತ್ತ ಹೋಗೋ ಅಂದೆ. ಅಲ್ಲಿ ಕುರ್ಚಿ ಗಟ್ಟಿ ಅಂದ.

ಎಕ್ಸ್-ರೇ ನೋಡಿ ಡಾಕ್ಟರು ಆ ಎರಡಕ್ಷರ ಹೇಳಿದಾಗ ನಾನು ಕೊಟ್ಟ ಉತ್ತರ ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ. "ಸಾಧ್ಯವಿಲ್ಲ, ನಾನು ಎಂಜಿನಿಯರ್" ಅಂದೆ. ಟಿ.ಬಿ. ಬರುವುದು ಬೀಡಿ ಸೇದುವವರಿಗೆ, ಕೊಳೆಗೇರಿಯಲ್ಲಿ ಇರುವವರಿಗೆ, ದಿನಾ ತಲೆಗೆ ಸ್ನಾನ ಮಾಡುವ ನನಗೆ ಹೇಗೆ ಬರುತ್ತದೆ ಎಂದು ನಿಜವಾಗಿಯೂ ನಂಬಿದ್ದೆ. ಆ ಡಾಕ್ಟರು ಸಮಾಧಾನದವರು. ಶ್ವಾಸಕೋಶಕ್ಕೆ ನಿನ್ನ ಡಿಗ್ರಿ ಗೊತ್ತಾಗಲ್ಲ ಅಂದರು.

ಬಂದದ್ದು ಹೇಗೆ ಅಂದರೆ, ಅದು ಮೊದಲೇ ಒಳಗಿತ್ತು. ಗ್ರೀನ್ ಕಾರ್ಡಿನ ಮೆಡಿಕಲ್ ಮಾಡಿಸುವಾಗ ಟಿ.ಬಿ. ಇದೆಯೇ ಎಂದು ನೋಡಲು ಮುಂಗೈಗೆ ಚುಚ್ಚಿದ್ದು ರೂಪಾಯಿಯಗಲ ಊದಿಕೊಂಡಿತ್ತು. ಎಕ್ಸ್-ರೇಯಲ್ಲಿ ಏನೂ ಇರಲಿಲ್ಲ. ರೋಗ ಮಲಗಿದೆ, ಏಳದ ಹಾಗೆ ಕೆಲವು ತಿಂಗಳು ಮಾತ್ರೆ ತಗೋ ಅಂತ ಆಗಿನ ಡಾಕ್ಟರು ಹೇಳಿದ್ದರು. ನಾವು ಭಾರತದವರು ಇಲ್ಲಿ ಒಬ್ಬರಿಗೊಬ್ಬರು ಬಾಯಿಪಾಠ ಮಾಡಿಸುವ ಉತ್ತರ ಒಂದಿದೆ: ನಮಗೆ ಚಿಕ್ಕಂದಿನಲ್ಲಿ ಟಿ.ಬಿ. ಬರದ ಹಾಗೆ ಬಿಸಿಜಿ ಲಸಿಕೆ ಹಾಕಿಸಿದಾರೆ, ಅದಕ್ಕೇ ಊದುತ್ತೆ, ಇವರಿಗೆ ಅದೆಲ್ಲ ತಿಳಿಯಲ್ಲ. ಅದನ್ನೇ ಒಪ್ಪಿಸಿ ಬಂದಿದ್ದೆ, ಮಾತ್ರೆ ತಗೊಳ್ಳಲೇ ಇಲ್ಲ. ಆಮೇಲೆ ಹೊಸದಾಗಿ ಬಂದ ಎಷ್ಟೋ ಜನಕ್ಕೆ, ಬಲ್ಲವಳ ಹಾಗೆ, ಅದನ್ನೇ ಹೇಳಿಕೊಟ್ಟೆ. ಈಗಲೂ ನನ್ನನ್ನು ಹೆಚ್ಚು ಚುಚ್ಚುವುದು ಅದು. ನೀವು ಹಾಗೆ ಮಾಡಬೇಡಿ.

ಆರೋಗ್ಯ ಇಲಾಖೆಯ ನರ್ಸ್ ಬಂದು ಮನೆಯಲ್ಲಿ ಯಾರಿದ್ದಾರೆ, ಯಾರ ಜೊತೆ ಊಟ, ಯಾರ ಜೊತೆ ಕೂತು ಕೆಲಸ ಎಂದೆಲ್ಲ ಕೇಳಿದಳು. ಲಾನ್ ಅಂತ ಅವಳ ಹೆಸರು. ಆಗ ಡ್ಯಾನ್ ಕೆಮ್ಮಿದ. ಅವನಿಗೆ ಆ ವಾರ ನೆಗಡಿ ಹಿಡಿದಿತ್ತು. ಲಾನ್ ಅವನ ಕಡೆ ತಿರುಗಿ, ನಿನ್ನ ಕಫದ ಪರೀಕ್ಷೆ ಮುಗಿಯುವವರೆಗೆ ತಂಡದ ಹತ್ತಿರ ಹೋಗಬೇಡ ಅಂದಳು. ಎಲ್ಲಾ ಒಂದೇ ಕೋಣೆಯಲ್ಲಿ ಬಟ್ಟೆ ಬದಲಾಯಿಸುವವರು ತಾನೇ. ಆ ಶನಿವಾರ ಅವರಿಗೆ ಇಡೀ ವರ್ಷದ ದೊಡ್ಡ ಮ್ಯಾಚ್ ಇತ್ತು. ಡ್ಯಾನ್‌ನ ಕಾಂಟ್ರಾಕ್ಟ್ ಮುಂದುವರಿಸುವ ಮಾತೂ ಅದರ ಬೆನ್ನಲ್ಲೇ ಬರಬೇಕಿತ್ತು. ಅವನು ಸರಿ ಅಂದ.

ಅಂದೇ ಅವ್ವನ ಫೋನ್ ಬಂತು. ತಂಗಿ ವಿದ್ಯಾಗೆ ಒಳ್ಳೆಯ ಸಂಬಂಧ ಕೂಡಿಬರುವ ಹಾಗಿತ್ತು. ಹುಡುಗನ ಕಡೆಯವರು ಕುಲ, ಕೆಲಸ, ಮನೆತನ ಎಲ್ಲ ವಿಚಾರಿಸುತ್ತಿದ್ದರು. ಈ ಸುದ್ದಿ ಹುಬ್ಬಳ್ಳಿ ತಲುಪಿದರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನ್ಯುಮೋನಿಯಾ ಆಗೈತವ್ವ ಅಂದೆ. ನ್ಯುಮೋನಿಯಾ ಎಂಬ ಶಬ್ದ ಯಾವ ಭಾಷೆಯಲ್ಲೂ ಒಂದೇ. ಡ್ಯಾನ್ ಸಿಂಕಿನ ಮುಂದೆ ನಿಂತಿದ್ದವನು ತಿರುಗಿ ನೋಡಿದ, ಮತ್ತೆ ಪಾತ್ರೆ ತೊಳೆಯತೊಡಗಿದ. (ಆ ಸಂಬಂಧ ಕೊನೆಗೆ ಮುರಿದುಬಿತ್ತು. ಹುಡುಗನಿಗೆ ಬೇರೆ ಯಾರೋ ಇಷ್ಟವಿದ್ದಳಂತೆ. ನಾನು ಕಾಪಾಡಿದ್ದು ಎಂಥದನ್ನು ನೋಡಿ!)

ಡ್ಯಾನ್‌ನ ಅಮ್ಮನಿಗೆ ಮಾತ್ರ ನಿಜ ಹೇಳಿದೆವು. ಆಕೆ ಅಯ್ಯೋ ಪಾಪ ಅಂದು, ತನ್ನ ಚಿಕ್ಕಪ್ಪನಿಗೂ ಆಗಿತ್ತು, ಆಸ್ಪತ್ರೆಯಲ್ಲಿ ಇಸ್ಪೀಟು ಕಲಿತು ಬಂದ ಎಂದು ಕಥೆ ಶುರುಮಾಡಿದರು. ಆಕೆಗೆ ಅದು ಬರೀ ಒಂದು ಕಾಯಿಲೆ. ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚಾಯಿತು.

ಆಮೇಲಿನ ದಿನಗಳೆಲ್ಲ ಬಾಗಿಲು ಮುಚ್ಚಿದ ಬೆಡ್‌ರೂಮು. ಡ್ಯಾನ್ ಹೊರಗೆ ಸೋಫಾದಲ್ಲಿ. ಲಾನ್ ದಿನವೂ ಬಂದು ಎದುರಿಗೆ ಕೂತು ನಾನು ಹಿಡಿಯಷ್ಟು ಮಾತ್ರೆ ನುಂಗುವುದನ್ನು ನೋಡಿ ಹೋಗುತ್ತಿದ್ದಳು. ಕದ್ದು ಎಸೆಯಬಾರದೆಂದು ಇಲ್ಲಿ ಹಾಗೆ ನೇಮ. ಮೊದಮೊದಲು ಕಳ್ಳಿಯನ್ನು ಕಾವಲು ಕಾಯುವ ಹಾಗೆ ಅನ್ನಿಸಿ ಸಿಟ್ಟು ಬರುತ್ತಿತ್ತು. ಒಂದು ದಿನ ಕಿಟಕಿಯಿಂದ ನೋಡಿದೆ. ಅವಳು ಕಾರನ್ನು ದೂರ ನಿಲ್ಲಿಸಿ, ಕೊರಳಿನ ಇಲಾಖೆಯ ಬಿಲ್ಲೆ ತೆಗೆದು ಪರ್ಸಿಗೆ ಹಾಕಿಕೊಂಡು, ನೆಂಟರ ಮನೆಗೆ ಬರುವವಳ ಹಾಗೆ ನಡೆದುಬರುತ್ತಿದ್ದಳು. ನಾನು ಕೇಳಿರಲಿಲ್ಲ. ಅವಳಿಗೆ ನನ್ನಂಥವರು ಅಭ್ಯಾಸವಾಗಿದ್ದರು. ಆ ಮಾತ್ರೆಗೆ ಮೂತ್ರ ಕಿತ್ತಳೆ ಬಣ್ಣ ಆಗುತ್ತದೆ, ಕಣ್ಣೀರೂ. ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ. ಬಿಳಿ ದಿಂಬಿನ ಕವರು ಮಾತ್ರ ಹಾಕಬೇಡಿ.

ಆ ಶನಿವಾರದ ಮ್ಯಾಚು ಡ್ಯಾನ್‌ನ ತಂಡ ಸೋತಿತು. ಮರುದಿನ ಯಾರೋ ಬಾಗಿಲು ತಟ್ಟಿದರು. ಡ್ಯಾನ್ ಸಾಮಾನು ತರಲು ಹೋಗಿದ್ದ. ಬೆಡ್‌ರೂಮಿನ ಕಿಟಕಿಯಿಂದ ಇಣುಕಿದರೆ ಟ್ರೇಸಿ, ತಂಡದ ಗೋಲ್‌ಕೀಪರನ ಹೆಂಡತಿ, ಸೊಂಟದಲ್ಲಿ ಮಗು, ಕೈಯಲ್ಲಿ ಮುಚ್ಚಿದ ಊಟದ ಟ್ರೇ. ಡ್ಯಾನ್‌ನ ಮೊಣಕಾಲು ಹೇಗಿದೆ ಎಂದು ಕೆಳಗಿನಿಂದ ಕೂಗಿ ಕೇಳಿದಳು. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಪರವಾಗಿಲ್ಲ ಅಂದೆ. ಮಗು ನನ್ನ ಕಡೆ ಕೈ ಚಾಚುತ್ತಿತ್ತು. ನಾನು ಕಿಟಕಿ ಮುಚ್ಚಿಬಿಟ್ಟೆ. ಅವಳು ಟ್ರೇಯನ್ನು ಮೆಟ್ಟಿಲ ಮೇಲಿಟ್ಟು ಹೋದಳು.

ಡ್ಯಾನ್ ಬಂದ ಮೇಲೆ ಬಾಗಿಲ ಆಚೆ ಈಚೆ ನಿಂತು ಮಾತಾಡಿದೆವು. ತಂಡಕ್ಕೆ ಏನು ಹೇಳಿದೀಯಾ ಎಂದು ಕೇಳಿದೆ. ಮೊಣಕಾಲು ನೋವು ಅಂದೆ ಅಂದ. ಯಾಕೆ ಅಂದೆ.

"ನಿನ್ನ ಅಮ್ಮನಿಗೇ ನೀನು ಹೇಳಲಿಲ್ಲ. ಊರಿಗೆಲ್ಲ ಹೇಳೋಕೆ ನಾನ್ಯಾರು?"

ಇಷ್ಟು ವರ್ಷ ಇದ್ದ ನೋವನ್ನು ಇಲ್ಲ ಎಂದು ಆಡಿದವನು, ಇಲ್ಲದ ನೋವನ್ನು ಇದೆ ಎಂದು ಮನೆಯಲ್ಲಿ ಕೂತಿದ್ದ. ನಾನು ಏನು ಹೇಳಬೇಕಿತ್ತು? ಹುಚ್ಚಾ ನಿನಗೆ, ಹೋಗಿ ನಿಜ ಹೇಳು ಅನ್ನಬೇಕಿತ್ತು. ಆದರೆ ನನಗೆ ಹಾಯೆನಿಸಿತು. ಬಾಗಿಲಿಗೆ ತಲೆ ಆನಿಸಿ ಥ್ಯಾಂಕ್ಸ್ ಅಂದೆ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಅವನ ಪರೀಕ್ಷೆಗಳಲ್ಲಿ ಏನೂ ಬರಲಿಲ್ಲ, ಬರೀ ನೆಗಡಿ. ಮತ್ತೆ ಪ್ರಾಕ್ಟೀಸಿಗೆ ಹೋದ. ನನ್ನ ಕಫದಲ್ಲೂ ರೋಗಾಣು ಇಲ್ಲವಾಯಿತು, ಇನ್ನು ಯಾರಿಗೂ ಹರಡುವುದಿಲ್ಲ ಎಂದು ಲಾನ್ ನನ್ನ ಮಾಸ್ಕನ್ನು ತಾನೇ ತೆಗೆದು ಕಸದ ಬುಟ್ಟಿಗೆ ಹಾಕಿದಳು. ಮಾತ್ರೆ ಮಾತ್ರ ಆರು ತಿಂಗಳು. ಆಫೀಸಿನ ನನ್ನ ಸಾಲಿನವರಿಗೆ, ಸಮಾಮಿಶ್‌ನ ಮಂಜುಳಾ ಮನೆಯವರಿಗೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಇಲಾಖೆಯಿಂದ ಫೋನ್ ಹೋಗಿತ್ತು. ಹೆಸರು ಹೇಳುವುದಿಲ್ಲ ಅವರು. ಆದರೆ ಜನಕ್ಕೆ ಅಷ್ಟೂ ತಿಳಿಯಲ್ಲವೇ? ಯಾರಿಗೂ ಏನೂ ಆಗಿರಲಿಲ್ಲ. ಒಂದು ಸಂಜೆ ನಮ್ಮ ಬಾಗಿಲ ಬಳಿ ನನ್ನ ಸ್ಟೀಲ್ ಡಬ್ಬಿ ಇತ್ತು. ಯುಗಾದಿಗೆ ಹೋಳಿಗೆ ತುಂಬಿಸಿ ಮಂಜುಳಾಗೆ ಕೊಟ್ಟಿದ್ದು. ನಮ್ಮಲ್ಲಿ ಯಾರೂ ಡಬ್ಬಿಯನ್ನು ಬರಿದಾಗಿ ವಾಪಸು ಕೊಡುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಮುಚ್ಚಳ ತೆಗೆದೆ. ಬ್ಲೀಚಿನ ವಾಸನೆ ಬಂತು, ಒಳಗೆ ಏನೂ ಇರಲಿಲ್ಲ. ಬೆಲ್ ಕೂಡ ಮಾಡದೆ ಇಟ್ಟುಹೋಗಿದ್ದಳು. ಅವಳನ್ನು ಬಯ್ಯುವ ಬಾಯಿ ನನಗಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಬೇಸಿಗೆ ಕಳೆಯುತ್ತಾ ಬಂತು. ಡ್ಯಾನ್ ವಾರವಾರವೂ ಬೆಂಚಿನಲ್ಲಿ ಕೂತು ಬರುತ್ತಿದ್ದ. ಅವನ ಜಾಗದಲ್ಲಿ ಒಬ್ಬ ಎಳೆಯ ಹುಡುಗ ಆಡುತ್ತಿದ್ದ. ಕೊನೆಗೆ ಒಂದು ದಿನ ಚಪಾತಿ ತಿನ್ನುತ್ತಾ, ಕಾಂಟ್ರಾಕ್ಟ್ ಮುಂದುವರಿಸಲ್ಲವಂತೆ ಅಂದ. ಯಾಕೆ ಅಂದರೆ ವಯಸ್ಸಾಯ್ತು, ಮೊಣಕಾಲು ಅಂದ. ಮೂವತ್ನಾಲ್ಕು ವರ್ಷದವನು. ತಟ್ಟೆ ತೊಳೆದಿಟ್ಟು ಹೊರಗೆ ಹೋಗಿ, ಕತ್ತಲಾಗುವವರೆಗೆ ಗ್ಯಾರೇಜಿನ ಗೋಡೆಗೆ ಚೆಂಡು ಒದೆಯುತ್ತಿದ್ದ. ಆ ಸದ್ದು ನನಗೆ ತಡೆಯಲಾಗಲಿಲ್ಲ.

ಮರುದಿನ ಆಫೀಸಿಗೆ ರಜೆ ಹೇಳಿ, ಅವನಿಗೆ ತಿಳಿಸದೆ ಅವರ ಪ್ರಾಕ್ಟೀಸ್ ಮೈದಾನಕ್ಕೆ ಹೋದೆ. ಹುಡುಗರೆಲ್ಲ ಹೊರಟುಹೋಗುವವರೆಗೆ ಕಾರಿನಲ್ಲೇ ಕೂತಿದ್ದು, ಪಾರ್ಕಿಂಗ್ ಲಾಟಿನಲ್ಲಿ ಕೋಚ್ ರಿಕ್‌ನನ್ನು ಹಿಡಿದೆ. ದೊಡ್ಡ ಆಳು, ಮಾತು ಕಡಿಮೆ. ಡ್ಯಾನ್‌ನ ಮೊಣಕಾಲಿಗೆ ಏನೂ ಆಗಿರಲಿಲ್ಲ, ನಿಮಗೆ ತಪ್ಪು ತಿಳಿದಿದೆ ಎಂದು ಶುರುಮಾಡಿದೆ.

"ಗೊತ್ತು," ಅಂದ ರಿಕ್. "ಸ್ಕ್ಯಾನ್ ಮಾಡಿಸಿ ನಾನೇ ನೋಡಿದೆ. ಹಳೇ ಗಾಯ ಬಿಟ್ಟರೆ ಏನಿಲ್ಲ."

ಮತ್ತೇನು ಅಂದುಕೊಂಡಿರಿ ಎಂದು ಕೇಳಿದೆ. ದೊಡ್ಡ ಮ್ಯಾಚಿಗೆ ಹೆದರಿದ ಅಂದುಕೊಂಡೆ ಎಂದ. ಮುದಿಯಾದ ಆಟಗಾರರು ಕೆಲವರು ಹಾಗೆ, ಮೈ ಉಳಿಸಿಕೊಂಡು ಬೇರೆ ಕಡೆ ಕೆಲಸ ಹುಡುಕುತ್ತಾರಂತೆ. ಡ್ಯಾನ್ ತಿರುಗಿ ಬಂದ ದಿನ ಹುಡುಗರೆಲ್ಲರ ಎದುರು ರಿಕ್ ಅವನನ್ನು ಹೇಡಿ ಎಂದು ಕರೆದನಂತೆ. ಡ್ಯಾನ್ ತಲೆ ಎತ್ತದೆ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದನಂತೆ.

ಡ್ಯಾನ್ ಅದನ್ನು ನನಗೆ ಹೇಳಿರಲಿಲ್ಲ. ಎಷ್ಟೊಂದು ವಾರ, ಆ ಹೆಸರು ಹೊತ್ತುಕೊಂಡು ಅದೇ ಕೋಣೆಗೆ ಹೋಗಿ, ಅದೇ ಹುಡುಗರ ಮಧ್ಯೆ ಬಟ್ಟೆ ಬದಲಾಯಿಸಿ, ಸಂಜೆ ಬಂದು ನನಗೆ ಗಂಜಿ ಮಾಡಿಕೊಟ್ಟಿದ್ದ. ಹುಟ್ಟಿದಾಗಿನಿಂದ ನಾನು ಏನೇನೋ ವಿಷಯಕ್ಕೆ ನಾಚಿಕೆ ಪಟ್ಟಿದ್ದೇನೆ. ಅವತ್ತು ಆ ಪಾರ್ಕಿಂಗ್ ಲಾಟಿನಲ್ಲಿ ಆದಂಥದ್ದು ಯಾವತ್ತೂ ಆಗಿರಲಿಲ್ಲ.

"ನನಗೆ ಟಿ.ಬಿ. ಆಗಿತ್ತು," ಅಂದೆ. "ಯಾರಿಗೂ ತಿಳಿಯಬಾರದು ಅಂತಿದ್ದೆ. ನಿಮ್ಮ ಹುಡುಗರಿಗೆ ಅಂಟಬಾರದು ಅಂತ ಅವನು ಬರಲಿಲ್ಲ. ನನ್ನ ಮಾನ ಹೋಗಬಾರದು ಅಂತ ಕಾರಣ ಹೇಳಲಿಲ್ಲ."

ರಿಕ್ ತನಗೇ ಗೊತ್ತಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದ. ಸರಿದದ್ದು ತಿಳಿದು ಮುಖ ಕೆಂಪಾಗಿ ಎರಡು ಹೆಜ್ಜೆ ಮುಂದೆ ಬಂದ. ಕಾಂಟ್ರಾಕ್ಟ್ ಇನ್ನು ತನ್ನ ಕೈಯಲ್ಲಿಲ್ಲ, ಆ ಜಾಗಕ್ಕೆ ಹೊಸಬನ ಸಹಿ ಆಗಿಹೋಗಿದೆ ಅಂದ. ಆಮೇಲೆ ಕೇಳಿದ, ಹುಡುಗರಿಗೆ ಹೇಳಬಹುದಾ?

ಹುಡುಗರಿಗೆ ಹೇಳಿದರೆ ಅವರ ಹೆಂಡಿರಿಗೆ ತಿಳಿಯುತ್ತದೆ. ಆ ಕ್ಲಬ್ಬಿನಲ್ಲಿ ಆಟ ಕಲಿಯಲು ಬರುವ ಮಕ್ಕಳಲ್ಲಿ ಅರ್ಧದಷ್ಟು ನಮ್ಮ ಭಾರತದವರು, ಅವರ ಮನೆಗಳಿಗೂ ತಿಳಿಯುತ್ತದೆ. ಇದೆಲ್ಲ ತಲೆಯಲ್ಲಿ ಓಡಿತು. ಹೇಳಿ ಅಂದೆ.

ಸೀಸನ್ನಿನ ಕೊನೆಯ ಮ್ಯಾಚು ನಮ್ಮ ಊರಿನಲ್ಲೇ. ನಾನು ಹೆಂಡಿರ ಸಾಲಿನಲ್ಲಿ ಅಂಚಿನ ಸೀಟಿನಲ್ಲಿ ಕೂತೆ. ಒಬ್ಬಿಬ್ಬರು ನಕ್ಕರು, ಒಬ್ಬಾಕೆ ಎದ್ದು ಹಿಂದಿನ ಸಾಲಿಗೆ ಹೋದಳು. ಟ್ರೇಸಿ ಬಂದು ಪಕ್ಕದಲ್ಲಿ ಕೂತು, ಅವತ್ತು ಕಿಟಕಿ ಮುಚ್ಚಿದ್ದು ಇದಕ್ಕಾ, ನಾನು ಅಂದರೆ ನಿನಗೆ ಆಗಲ್ಲ ಅಂದುಕೊಂಡಿದ್ದೆ ಅಂದಳು. ಆಟ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ರಿಕ್ ಡ್ಯಾನ್‌ನನ್ನು ಆಡಲು ಎಬ್ಬಿಸಿದ. ಬೆಂಚಿನಲ್ಲಿದ್ದವರೆಲ್ಲ ಎದ್ದು ನಿಂತರು. ಪ್ರೇಕ್ಷಕರಿಗೆ ಏನೂ ತಿಳಿಯದು, ಅವರು ಪಾಪ್‌ಕಾರ್ನ್ ತಿನ್ನುತ್ತಿದ್ದರು. ಡ್ಯಾನ್ ಇಳಿದು ತಾನು ಯಾವತ್ತೂ ಮಾಡುವುದನ್ನೇ ಮಾಡಿದ. ಓಡಿದ, ಕಿತ್ತುಕೊಂಡ, ಪಕ್ಕದವನಿಗೆ ಕೊಟ್ಟ. ಕೊನೆಯ ಸೀಟಿ ಊದಿದಾಗ ಅವನನ್ನು ಮೊದಲು ಬಂದು ತಬ್ಬಿದವನು ಅವನ ಜಾಗಕ್ಕೆ ಬಂದಿದ್ದ ಆ ಎಳೆಯ ಹುಡುಗ. ಡ್ಯಾನ್‌ನ ಆಟ ಅಲ್ಲಿಗೆ ಮುಗಿಯಿತು. ಮುಂದೆ ಯಾವ ಕ್ಲಬ್ಬೂ ಕರೆಯಲಿಲ್ಲ.

ಮನೆಗೆ ಬರುವಾಗ ಅವನೇ ಡ್ರೈವ್ ಮಾಡುತ್ತಿದ್ದ. ನೀನು ಹೇಳಬೇಕಾಗಿರಲಿಲ್ಲ ಅಂದ, ಸ್ವಲ್ಪ ಸಿಟ್ಟಿನಲ್ಲೇ. ಅಷ್ಟರಲ್ಲಿ ಅವ್ವನ ಫೋನ್. ಹುಬ್ಬಳ್ಳಿಯಲ್ಲಿ ಬೆಳಗಾಗಿತ್ತು. ಕಾರಿನ ಸ್ಪೀಕರಿನಲ್ಲಿ ಅವಳ ದನಿ ತುಂಬಿಕೊಂಡಿತು. ಅಳಿಯಂದಿರ ಮೊಣಕಾಲು ಹೆಂಗೈತಿ ಎಂದು ಕೇಳಿದಳು. ಅವಳಿಗೂ ಅವನು ಅದನ್ನೇ ಹೇಳಿದ್ದ. ತನಗೆ ಬರುವ ನಾಲ್ಕು ಕನ್ನಡ ಮಾತಿನಲ್ಲಿ "ಆರಾಮ" ಅನ್ನಲು ಅವನು ಬಾಯಿ ತೆರೆದ.

"ಅವ್ವ, ಅವಗ ಏನೂ ಆಗಿಲ್ಲ," ಅಂದೆ. "ನನಗ ಟಿ.ಬಿ. ಆಗಿತ್ತು. ನ್ಯುಮೋನಿಯಾ ಅಲ್ಲ."

ಆ ಕಡೆ ಕುಕ್ಕರಿನ ಸದ್ದು ಕೇಳುತ್ತಿತ್ತು. ಅವ್ವ ಹೋಗಿ ಒಲೆ ಆರಿಸಿ ಬಂದಳು. ಗುಳಿಗಿ ತಪ್ಪಿಸಿಲ್ಲ ಹೌದಿಲ್ಲೊ ಎಂದು ಕೇಳಿದಳು. ಇಲ್ಲ ಅಂದೆ. ಅವಗ ಈ ಜಡ್ಡ ಹತ್ತಿಲ್ಲಲ್ಲ ಎಂದಳು. ಇಲ್ಲವ್ವ ಅಂದೆ. ವಿದ್ಯಾಂದು ನಾ ನೋಡ್ಕೊಂತೀನಿ, ನೀ ಅದನ್ನ ಮನಸಿಗೆ ಹಚ್ಕೋಬ್ಯಾಡ ಎಂದಳು. ಆಮೇಲೆ, ಅವನು ಅಲ್ಲೇ ಅದಾನೇನು ಎಂದು ಕೇಳಿದಳು. ಕೇಳಿಸ್ಕೊಳ್ಳಾಕ್ ಹತ್ಯಾನ ಅಂದೆ.

"ಯಪ್ಪಾ," ಎಂದಳು ಅವ್ವ. "ನನ್ನ ಮಗಳ್ನ ತವರಿಗೆ ಕಳಸಲಿಲ್ಲಲ್ಲೋ ನೀ."

ಡ್ಯಾನ್ ನನ್ನ ಕಡೆ ನೋಡಿ, ಏನಂದರು ಎಂದು ಕೇಳಿದ. ಅದನ್ನು ಹೇಳಬೇಕೆಂದರೆ, ಈ ಕಾಯಿಲೆ ಬಂದ ಹೆಣ್ಣನ್ನು ಎಲ್ಲಿಗೆ ಕಳಿಸುತ್ತಾರೆ ಎಂಬುದನ್ನು ಮೊದಲು ಹೇಳಬೇಕಿತ್ತು. ಬಾಗಿಲ ಆಚೆ ಸೋಫಾದಲ್ಲಿ ಮಲಗಿದ್ದವನ ಬಗ್ಗೆ ನನ್ನ ಮನಸ್ಸಿನ ಒಂದು ಮೂಲೆ ಇಷ್ಟು ತಿಂಗಳೂ ಅದೇ ಭಯದಲ್ಲಿ ಇತ್ತು ಎಂಬುದನ್ನೂ ಹೇಳಬೇಕಿತ್ತು. ಕಾರು ಸೈಡಿಗೆ ಹಾಕು, ಹೇಳ್ತೀನಿ ಅಂದೆ. ಅವನು ಹಾಕಿದ.